ಬಟನ್ ಸತ್ತ ಲ್ಯಾಪ್‌ಟಾಪನ್ನು ನಾನು ಎಬ್ಬಿಸಿದ್ದು

ನನ್ನ ಕೆಲಸ ಡಿಟಿಪಿ. ಸಾಗರದಲ್ಲಿ ಮನೆ ಜಗಲಿಯೇ ಆಫೀಸು. ಮದುವೆ ಕಾಗದ, ಬಿಲ್ ಬುಕ್, ಸಂಘದ ವರದಿ, ಏನು ಬಂದರೂ ಮಾಡಿಕೊಡುತ್ತೇನೆ. ಎಲ್ಲಕ್ಕೂ ಇರುವುದು ಒಂದೇ ಲ್ಯಾಪ್‌ಟಾಪ್, 8 ವರ್ಷ ಹಳೆಯದು. ಮಳೆಗಾಲ ಹಿಡಿದ ಮೇಲೆ ಅದರ ಪವರ್ ಬಟನ್ ಹಟ ಶುರು ಮಾಡಿತು. ಮೊದಮೊದಲು ಎರಡು ಸಲ ಒತ್ತಿದರೆ ಆನ್ ಆಗುತ್ತಿತ್ತು. ಆಮೇಲೆ ಐದಾರು ಸಲ. ಒಂದು ದಿನ ಸಿಟ್ಟು ಬಂದು ಎಣಿಸಿದೆ. 31ನೇ ಸಲಕ್ಕೆ ದೀಪ ಹತ್ತಿತು.

ಅವತ್ತಿನಿಂದ ಶಟ್‌ಡೌನ್ ಮಾಡುವುದನ್ನೇ ಬಿಟ್ಟೆ. ಮುಚ್ಚಳ ಹಾಕಿದರೆ ನಿದ್ದೆ, ತೆಗೆದರೆ ಎಚ್ಚರ. ಬಟನ್ ಮುಟ್ಟುವ ಪ್ರಮೇಯವೇ ಇಲ್ಲ. ಎರಡು ವಾರ ಹೀಗೇ ನಡೆಯಿತು, ನಾನೂ ಬುದ್ಧಿವಂತ ಅಂದುಕೊಂಡಿದ್ದೆ. ಆ ಎರಡು ವಾರದಲ್ಲಿ ಮಾಡಬೇಕಾಗಿದ್ದ ಕೆಲಸ ಬೇರೆಯೇ ಇತ್ತು, ಅದನ್ನು ಮುಂದೆ ಹೇಳುತ್ತೇನೆ. ಒಂದು ರಾತ್ರಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು. ನನ್ನ ಬ್ಯಾಟರಿಯೋ, ಮೊದಲೇ ಸೊರಗಿದ್ದು. ಬೆಳಿಗ್ಗೆ ಮುಚ್ಚಳ ತೆಗೆದರೆ ಪರದೆ ಕಪ್ಪು. ಕರೆಂಟ್ ಬಂದ ಮೇಲೆ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನಲಿಲ್ಲ. ಒಳಗೆ ಒಂದು ಮದುವೆ ಕಾಗದ ಅರ್ಧ ಆಗಿ ಕೂತಿತ್ತು.

ಫೋನ್ ಮಾಡಿದವರೆಲ್ಲ ಒಂದೇ ಮದ್ದು ಹೇಳಿದರು. ಅಡಾಪ್ಟರ್ ಕೀಳು, ಬ್ಯಾಟರಿ ತೆಗಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿ. ಒಳಗೆ ಉಳಿದ ಚಾರ್ಜ್ ಇಳಿದುಹೋಗಲಿ ಅಂತ ಮಾಡುವ ಮದ್ದು ಇದು. ಬಹಳ ಸಲ ಕೆಲಸವನ್ನೂ ಮಾಡುತ್ತದೆ. ಆದರೆ ಕೆಟ್ಟಿರುವುದೇ ಬಟನ್, ಅದನ್ನೇ ಒತ್ತಿ ಹಿಡಿದರೆ ಏನು ಬಂತು, ಅಲ್ವಾ? ಶಿವಮೊಗ್ಗದ ಒಂದು ಅಂಗಡಿಯವರು ಫೋನಿನಲ್ಲೇ ತೀರ್ಪು ಕೊಟ್ಟರು. ಮದರ್‌ಬೋರ್ಡ್ ಹೋಗಿದೆ, 7,000 ಆಗುತ್ತದೆ.

ನನಗೆ ನಂಬಿಕೆ ಬರಲಿಲ್ಲ. ಅಡಾಪ್ಟರ್ ಚುಚ್ಚಿದರೆ ಪಕ್ಕದ ಚಾರ್ಜಿಂಗ್ ದೀಪ ಹತ್ತುತ್ತಿತ್ತು. ಅಂದರೆ ಒಳಗೆ ಯಾರೋ ಎಚ್ಚರ ಇದ್ದಾರೆ. ಲ್ಯಾಪ್‌ಟಾಪಿನ ಪವರ್ ಬಟನ್ ಮನೆ ಲೈಟಿನ ಸ್ವಿಚ್ಚಿನ ಹಾಗಲ್ಲ, ಅದರ ಮೂಲಕ ಮಷೀನಿನ ಕರೆಂಟ್ ಹರಿಯುವುದಿಲ್ಲ. ಅದು ಬಾಗಿಲ ಗಂಟೆ. ಒತ್ತಿದಾಗ ಎರಡು ತಂತಿ ಒಂದು ಕ್ಷಣ ಸೇರುತ್ತವೆ. ಒಳಗೆ ಎಂಬೆಡೆಡ್ ಕಂಟ್ರೋಲರ್ ಅನ್ನುವ ಚಿಪ್ ಅದನ್ನು ಕಂಡು ಮಿಕ್ಕವರನ್ನೆಲ್ಲ ಎಬ್ಬಿಸುತ್ತದೆ. ಗಂಟೆ ಕೆಟ್ಟರೆ ಮನೆಯೇ ಬಿದ್ದುಹೋಯಿತು ಅನ್ನುವುದಾ?

ಬಿಚ್ಚಿದೆ. ಅಡಾಪ್ಟರ್, ಬ್ಯಾಟರಿ ಎರಡೂ ತೆಗೆದಿಟ್ಟೇ ಕೈ ಹಾಕಿದ್ದು. ಸ್ಕ್ರೂಗಳು ಬೇರೆ ಬೇರೆ ಉದ್ದ, ಅದಕ್ಕೆ ಇಡ್ಲಿ ತಟ್ಟೆ ತಂದು ಒಂದೊಂದು ಗುಂಡಿಗೆ ಒಂದೊಂದು ಮೂಲೆಯ ಸ್ಕ್ರೂ ಹಾಕಿದೆ. ಮನೆಯಲ್ಲಿ ಬೈಸಿಕೊಂಡೆ, ಆದರೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಸಿಕ್ಕಿಲ್ಲ. ಅಂಚು ಬಿಡಿಸಲು ಹಳೇ ಎಟಿಎಂ ಕಾರ್ಡ್ ಸಾಕು. ಪಟ್ಟಿ ಕೇಬಲ್‌ಗಳ ಹತ್ತಿರ ಮಾತ್ರ ಅವಸರ ಬೇಡ. ಅವುಗಳ ಬಾಯಿಗೆ ಪುಟ್ಟ ಕಪ್ಪು ರೆಪ್ಪೆ ಇರುತ್ತದೆ. ಉಗುರಲ್ಲಿ ಅದನ್ನು ಎತ್ತಿದ ಮೇಲೆ ಕೇಬಲ್ ತಾನೇ ಸಡಿಲ ಆಗುತ್ತದೆ. ಸುಮ್ನೆ ಎಳೆದರೆ ಹರಿಯುತ್ತದೆ.

ನನ್ನ ಅದೃಷ್ಟಕ್ಕೆ ಬಟನ್ನಿಗೆ ಬೇರೆ ಚಿಕ್ಕ ಬೋರ್ಡ್ ಇತ್ತು. ಕೆಲವು ಮಾದರಿಗಳಲ್ಲಿ ಬಟನ್ ಕೀಬೋರ್ಡಿನದೇ ಒಂದು ಕೀ. ಆಗ ಈ ದಾರಿ ಇಲ್ಲ, ಕೀಬೋರ್ಡನ್ನೇ ಬದಲಿಸಬೇಕು. ನನ್ನದರಲ್ಲಿ ಪ್ಲಾಸ್ಟಿಕ್ ಬಟನ್ನಿನ ಕೆಳಗೆ ಹೆಸರುಬೇಳೆಗಿಂತ ಸ್ವಲ್ಪ ದೊಡ್ಡ ಸ್ವಿಚ್, ನಾಲ್ಕು ಕಾಲು. ಕಾಲಿನ ಬುಡದಲ್ಲಿ ಹಸಿರು ಕಿಲುಬು. ಮಲೆನಾಡಿನ ಥಂಡಿ ಚಪ್ಪಲಿ, ಪುಸ್ತಕ ಯಾವುದನ್ನೂ ಬಿಡುವುದಿಲ್ಲ, ಇದನ್ನು ಬಿಡುತ್ತದಾ?

ಬ್ಯಾಟರಿ ಮತ್ತೆ ಹಾಕಿ, ಚಿಮುಟದ ತುದಿಯಿಂದ ಒಂದೇ ಬದಿಯ ಎರಡು ಕಾಲುಗಳನ್ನು ಸೇರಿಸಿದೆ. ಏನೂ ಆಗಲಿಲ್ಲ. ಇನ್ನೊಂದು ಸಲ. ಊಹೂಂ. ಅಂಗಡಿಯವರು ಹೇಳಿದ್ದೇ ನಿಜವೇನೋ ಅಂತ ಹೊಟ್ಟೆ ತಣ್ಣಗಾಯಿತು. ಆಮೇಲೆ ಬ್ಯಾಟರಿ ತೆಗೆದು ಮಲ್ಟಿಮೀಟರನ್ನು ಬೀಪ್ ಮೋಡಿನಲ್ಲಿ (ಎರಡು ತುದಿ ಒಳಗೆ ಸೇರಿದ್ದರೆ ಸದ್ದು ಮಾಡುವ ಮೋಡ್) ಇಟ್ಟು ನೋಡಿದರೆ, ನಾನು ಮುಟ್ಟಿದ್ದ ಆ ಎರಡು ಕಾಲು ಬಟನ್ ಒತ್ತದೆಯೇ ಬೀಪ್ ಅಂದವು! ನಾಲ್ಕು ಕಾಲಿನ ಸ್ವಿಚ್ಚಿನಲ್ಲಿ ಕಾಲುಗಳು ಜೋಡಿ ಜೋಡಿಯಾಗಿ ಒಳಗೇ ಸೇರಿರುತ್ತವೆ. ಒಂದೇ ಜೋಡಿಯ ಎರಡನ್ನು ಸೇರಿಸಿದರೆ ಗಂಟೆ ಹೊಡೆಯುವುದಿಲ್ಲ. ಯಾವ ಜೋಡಿ ಯಾವುದೋ ಗೊತ್ತಾಗದಿದ್ದರೆ ಮೂಲೆಯಿಂದ ಎದುರು ಮೂಲೆಗೆ ಹೋಗಬೇಕು, ಅದು ತಪ್ಪುವುದಿಲ್ಲ. ಹಾಗೆ ಮೂಲೆಗೆ ಮೂಲೆ ಮೀಟರ್ ಹಿಡಿದು ಬಟನ್ ಒತ್ತಿದೆ. ಸದ್ದಿಲ್ಲ. ಕಳ್ಳ ಸಿಕ್ಕಿಬಿದ್ದ.

ಬ್ಯಾಟರಿ ಹಾಕಿ ಚಿಮುಟ ಅಡ್ಡಡ್ಡ ಇಟ್ಟು ಅರ್ಧ ಸೆಕೆಂಡ್ ಮುಟ್ಟಿಸಿದೆ. ಫ್ಯಾನ್ ಗುಂಯ್ ಅಂದಿತು.

ವಿಂಡೋಸ್ ಬರಲು ಬಿಡದೆ ಎಫ್2 ಒತ್ತಿ ಬಯಾಸಿಗೆ, ಅಂದರೆ ವಿಂಡೋಸಿಗೂ ಮೊದಲು ಬರುವ ಮಷೀನಿನ ಸೆಟ್ಟಿಂಗ್ ಪರದೆಗೆ ಹೋದೆ. ಬಟನ್ ಇನ್ನೂ ಕುಂಟುತ್ತಿದ್ದಾಗಲೇ ಮಾಡಬೇಕಿದ್ದದ್ದು ಇದೇ. ಪವರ್ ಮೆನುವಿನಲ್ಲಿ, ಅಡಾಪ್ಟರ್ ಚುಚ್ಚಿದ ಕೂಡಲೇ ತಾನಾಗಿ ಆನ್ ಆಗುವ ಆಯ್ಕೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತದೆ. ಡೆಲ್‌ನಲ್ಲಿ ಅದಕ್ಕೆ ವೇಕ್ ಆನ್ ಎಸಿ (ಎಸಿ ಅಂದರೆ ಇಲ್ಲಿ ಗೋಡೆಯ ಕರೆಂಟ್) ಅಂತ ಹೆಸರು, ಥಿಂಕ್‌ಪ್ಯಾಡ್‌ಗಳಲ್ಲಿ ಪವರ್ ಆನ್ ವಿತ್ ಎಸಿ ಅಟ್ಯಾಚ್. ದಿನಾ ಇಂತಿಷ್ಟು ಹೊತ್ತಿಗೆ ಏಳು ಅನ್ನುವ ಅಲಾರಂ ಆಯ್ಕೆಯೂ ಕೆಲವುಗಳಲ್ಲಿ ಇದೆ. ಲೆನೊವೊದ ಕೆಲವು ಮಾದರಿಗಳಲ್ಲಿ ಪಕ್ಕದಲ್ಲಿ ಸೂಜಿ ತೂತಿನಂಥ ಇನ್ನೊಂದು ಬಟನ್ ಇರುತ್ತದೆ. ಅದನ್ನು ಒತ್ತಿದರೂ ಮಷೀನ್ ಎದ್ದು ಮೆನು ತೋರಿಸುತ್ತದೆ. ಅದರ ಹೆಸರು ನೋವೋ. ಬಟನ್ ಕೆಟ್ಟವರ ನೋವು ಗೊತ್ತಿದ್ದೇ ಇಟ್ಟಿರಬೇಕು. ನೆಟ್‌ವರ್ಕ್ ವೈರಿನ ಮೂಲಕ ಎಬ್ಬಿಸುವ ವೇಕ್ ಆನ್ ಲ್ಯಾನ್ ಕೂಡ ಇದೆ. ಆದರೆ ನಮ್ಮನೆಯಲ್ಲಿ ಇರುವುದು ವೈಫೈ, ಅದರ ಗೊಡವೆಗೆ ನಾನು ಹೋಗಲಿಲ್ಲ.

ಎಸಿ ಆಯ್ಕೆ ಆನ್ ಮಾಡಿ, ಸೇವ್ ಮಾಡಿ, ಶಟ್‌ಡೌನ್ ಕೊಟ್ಟು ಅಡಾಪ್ಟರ್ ಕಿತ್ತು ಚುಚ್ಚಿದೆ. ಎದ್ದಿತು! ಮದುವೆ ಕಾಗದ ಅವತ್ತು ಸಂಜೆಯೇ ಪ್ರೆಸ್ಸಿಗೆ ಹೋಯಿತು.

ಆಮೇಲೆ ನಾಲ್ಕು ತಿಂಗಳು ಅಡಾಪ್ಟರ್ ಪಿನ್ನೇ ನನ್ನ ಪವರ್ ಬಟನ್. ತೊಂದರೆ ಇಲ್ಲದೆ ಇಲ್ಲ. ನಮ್ಮಲ್ಲಿ ಮಳೆಗಾಲದ ಕರೆಂಟ್ ರಾತ್ರಿ ನಾಲ್ಕು ಸಲ ಹೋಗಿ ನಾಲ್ಕು ಸಲ ಬರುತ್ತದೆ. ಬಂದಾಗಲೆಲ್ಲ ಜಗಲಿಯಲ್ಲಿ ಲ್ಯಾಪ್‌ಟಾಪ್ ತಾನಾಗಿ ಎದ್ದು ಫ್ಯಾನ್ ತಿರುಗಿಸುತ್ತಿತ್ತು. ಕತ್ತಲಲ್ಲಿ ನೀಲಿ ಬೆಳಕು ಕಂಡು ಅಮ್ಮ ಒಂದು ರಾತ್ರಿ ಹೆದರಿ ನನ್ನನ್ನು ಎಬ್ಬಿಸಿದಳು. ಮಲಗುವಾಗ ಗೋಡೆಯ ಸ್ವಿಚ್ ಆಫ್ ಮಾಡುವ ಅಭ್ಯಾಸ ಅವತ್ತಿನಿಂದ ಬಂತು. ಇನ್ನೊಂದು ಕಿರಿಕಿರಿ ಹ್ಯಾಂಗ್ ಆದಾಗ. ಒತ್ತಿ ಹಿಡಿದು ಆಫ್ ಮಾಡಲು ಬಟನ್ ಇಲ್ಲವಲ್ಲ, ಬ್ಯಾಟರಿಯನ್ನೇ ಕೀಳಬೇಕು. ಬ್ಯಾಟರಿ ಒಳಗೇ ಇರುವ ಹೊಸ ಮಾದರಿಗಳಲ್ಲಿ ಅದಕ್ಕೂ ಬಿಚ್ಚಬೇಕಾಗುತ್ತದೆ.

ಹಬ್ಬ ಮುಗಿದ ಮೇಲೆ ಆ ಚಿಕ್ಕ ಬೋರ್ಡನ್ನು ಕಾಗದದಲ್ಲಿ ಸುತ್ತಿಕೊಂಡು ಪೇಟೆಯ ಮೊಬೈಲ್ ರಿಪೇರಿ ಹುಡುಗನ ಹತ್ತಿರ ಹೋದೆ. ಅವನು ಹಳೇ ಸ್ವಿಚ್ ಕಿತ್ತು, ಡಬ್ಬಿಯಲ್ಲಿ ಹುಡುಕಿ ಅದೇ ಅಳತೆಯದನ್ನು ಬೆಸುಗೆ ಹಾಕಿ, ಬ್ರಷ್ಷಿನಲ್ಲಿ ಕಿಲುಬು ಉಜ್ಜಿಕೊಟ್ಟ. ಚಹಾ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು. 150 ರೂಪಾಯಿ. ಮನೆಗೆ ಬಂದು ಜೋಡಿಸಿ ಒತ್ತಿದೆ. ಒಂದೇ ಒತ್ತಿಗೆ ಆನ್ ಆಯಿತು. ಬಯಾಸಿನ ಆ ಆಯ್ಕೆಯನ್ನು ಮಾತ್ರ ನಾನಿನ್ನೂ ಆಫ್ ಮಾಡಿಲ್ಲ.