‘ಮೀನ್ ಪ್ರಾಫಿಟ್ಸ್’ನಿಂದ ಶುರುವಾದ ನನ್ನ ನೋಟ್‌ಬುಕ್

ಸೀನಿಯರ್ ವಕೀಲರ ಆಫೀಸು ಸೇರಿ ಎರಡನೇ ವಾರ. ಒಂದು ವಾದಪತ್ರ ಕೊಟ್ಟು ಜೋರಾಗಿ ಓದು ಎಂದರು. ಓದುತ್ತಾ ಹೋದೆ. ಕೊನೆಯ ಪುಟದಲ್ಲಿ ಬಂದ ಒಂದು ಪದವನ್ನು ಅಕ್ಷರ ಬಿಡದೆ ‘ಮೆಸ್ನೆ ಪ್ರಾಫಿಟ್ಸ್’ ಎಂದು ಓದಿದೆ. ಸೀನಿಯರ್ ಕನ್ನಡಕ ಮೇಲೆತ್ತಿ ನೋಡಿದರು. “ಮೆಸ್ನೆ ಅಲ್ಲಯ್ಯಾ, ಮೀನ್. ಮೀನ್ ಪ್ರಾಫಿಟ್ಸ್.” ಎದುರಿಗೆ ಕೂತಿದ್ದ ಕಕ್ಷಿದಾರರು ಗಾಬರಿಯಾದರು. “ಸಾರ್, ನಮ್ದು ಹೊಲದ ಕೇಸು. ಮೀನಿನ ವ್ಯಾಪಾರ ನಾವು ಯಾವತ್ತೂ ಮಾಡಿಲ್ಲ.”

ಮೂವರೂ ನಕ್ಕೆವು. ರಾತ್ರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 2ನೇ ಸೆಕ್ಷನ್ ತೆರೆದು ನೋಡಿದೆ. ವಿಷಯ ಬಹಳ ಸರಳವಾಗಿತ್ತು. ನಿಮ್ಮ ಹೊಲವನ್ನು ಯಾರೋ ಹಕ್ಕಿಲ್ಲದೆ ಹಿಡಿದುಕೊಂಡಿದ್ದಾರೆ. ಅಷ್ಟು ವರ್ಷ ಅದರಿಂದ ಅವರಿಗೆ ಬಂದ ಆದಾಯ ನಿಮಗೆ ಸೇರಬೇಕು, ಬಡ್ಡಿ ಸಮೇತ. ಅವರು ಸೋಮಾರಿತನದಿಂದ ಬೆಳೆ ಇಡದೆ ಬಿಟ್ಟಿದ್ದರೂ, ಸಾಧಾರಣ ಶ್ರಮ ಹಾಕಿದ್ದರೆ ಎಷ್ಟು ಬರುತ್ತಿತ್ತೋ ಅದನ್ನು ಲೆಕ್ಕ ಹಿಡಿಯಬಹುದು. ಆದರೆ ಅವರೇ ಖರ್ಚು ಮಾಡಿ ಜಮೀನು ಸುಧಾರಿಸಿ, ಅದರಿಂದ ಜಾಸ್ತಿ ಬಂದಿದ್ದರೆ ಆ ಜಾಸ್ತಿ ಭಾಗ ನಿಮಗಿಲ್ಲ. ಆ ಪದ ಲ್ಯಾಟಿನ್ ಕೂಡ ಅಲ್ಲ. ಇಂಗ್ಲೆಂಡಿನ ಕೋರ್ಟುಗಳಲ್ಲಿ ಹಿಂದೆ ನಡೆಯುತ್ತಿದ್ದ ಹಳೆಯ ಫ್ರೆಂಚ್. ‘ನಡುವಿನ’ ಎಂದು ಅರ್ಥ. ಮಧ್ಯದ ಎಸ್ ಅಕ್ಷರ ಕೂತಿರುತ್ತದೆ, ಬಾಯಿ ಬಿಡುವುದಿಲ್ಲ.

ನಾನು ಪಿಯುಸಿವರೆಗೂ ಕನ್ನಡ ಮಾಧ್ಯಮ. ಕಾನೂನು ಓದಿದ್ದು ಇಂಗ್ಲಿಷಿನಲ್ಲಿ. ಪರೀಕ್ಷೆಗೆ ಉರು ಹೊಡೆದು ಪಾಸಾಗಿದ್ದೆ. ಕೋರ್ಟಿಗೆ ಬಂದ ಮೇಲೆ ಗೊತ್ತಾಯಿತು, ನನಗೆ ಪದಗಳು ಬರುತ್ತಿದ್ದವು, ಕೆಲಸ ಬರುತ್ತಿರಲಿಲ್ಲ. ಅವತ್ತೇ ಒಂದು ನೋಟ್‌ಬುಕ್ ಶುರು ಮಾಡಿದೆ.

ಮೊದಲ ನೋಟ್‌ಬುಕ್ ಹಾಳಾಯಿತು ಎಂದೇ ಹೇಳಬೇಕು. ಎಡಗಡೆ ಲ್ಯಾಟಿನ್, ಬಲಗಡೆ ಕನ್ನಡ. ಎಕ್ಸ್ ಪಾರ್ಟೆ ಅಂದರೆ ಏಕಪಕ್ಷೀಯ. ಪ್ರೈಮಾ ಫೇಸಿ ಅಂದರೆ ಮೇಲ್ನೋಟಕ್ಕೆ. ಬೋನಾ ಫೈಡ್ ಅಂದರೆ ಸದ್ಭಾವನೆಯ. ಹೀಗೆ ಇನ್ನೂರು ಪದ ತುಂಬಿಸಿದೆ. ಒಂದು ದಿನ ಕಾರಿಡಾರಿನಲ್ಲಿ ವಯಸ್ಸಾದ ತಾಯಿಯೊಬ್ಬರು ಕಾಗದ ಹಿಡಿದು ಬಂದರು. “ಲಾಯರಪ್ಪಾ, ನನ್ನನ್ನ ಎಕ್ಸ್ ಪಾರ್ಟಿ ಮಾಡಿದಾರಂತೆ. ಹಂಗಂದ್ರೆ ಏನು?” ನಾನು ಠೀವಿಯಿಂದ “ಏಕಪಕ್ಷೀಯ ಅಮ್ಮಾ” ಎಂದೆ. ಅವರು ನನ್ನ ಮುಖವನ್ನೇ ನೋಡಿದರು. “ಅಂದ್ರೆ ನಾನು ಸೋತೆನಾ?” ಉತ್ತರ ನನಗೆ ಗೊತ್ತಿರಲಿಲ್ಲ.

ಸೀನಿಯರ್ ಹತ್ತಿರ ಹೋಗಿ ಕೇಳಿದೆ. ನೋಟ್‌ಬುಕ್ ಇಸಕೊಂಡು ಎರಡು ಪುಟ ತಿರುವಿದರು. “ಇದು ಡಿಕ್ಷನರಿ. ಅಂಗಡಿಯಲ್ಲಿ ಸಿಗುತ್ತೆ. ಈ ಮಾತನ್ನ ಯಾರು ಯಾರಿಗೆ ಹೇಳ್ತಾರೆ, ಹೇಳಿದ ಮೇಲೆ ನಾಳೆ ಏನಾಗುತ್ತೆ, ಅದನ್ನ ಬರಿ” ಎಂದರು. ಎರಡನೇ ನೋಟ್‌ಬುಕ್ ಹಾಗೆ ಶುರುವಾಯಿತು. ಇವತ್ತಿಗೂ ನಾನು ಪದಗಳನ್ನು ಕಲಿಯುವುದು ಹಾಗೆಯೇ.

ಎಕ್ಸ್ ಪಾರ್ಟೆಗೆ ಮೊದಲ ಪುಟ ಕೊಟ್ಟೆ. ಬರೆಯಲು ಕೂತಾಗ ಗೊತ್ತಾಯಿತು, ಇದು ಒಂದು ಪದ, ಆದರೆ ಇದರಿಂದ ಎರಡು ಬೇರೆ ಸಂಗತಿಗಳು ನಡೆಯುತ್ತವೆ. ಒಂದು, ಸಮನ್ಸ್ ಜಾರಿಯಾದರೂ ಪ್ರತಿವಾದಿ ಕೋರ್ಟಿಗೆ ಬರಲಿಲ್ಲ. ಆಗ ಅವರನ್ನು ಬಿಟ್ಟು ಕೇಸು ಮುಂದೆ ಹೋಗುತ್ತದೆ. ಹಾಗಂತ ಸೋತಂತಲ್ಲ. ಕೇಸು ಇನ್ನೂ ನಡೆಯುತ್ತಿದ್ದರೆ ಸರಿಯಾದ ಕಾರಣ ಕೊಟ್ಟು ಮತ್ತೆ ಒಳಗೆ ಬರಬಹುದು. ಡಿಕ್ರಿಯೇ, ಅಂದರೆ ಕೋರ್ಟಿನ ಅಂತಿಮ ನಿರ್ಧಾರವೇ ಆಗಿಬಿಟ್ಟಿದ್ದರೆ ಸಿವಿಲ್ ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ ಅದನ್ನು ರದ್ದು ಮಾಡಿ ಎಂದು ಕೇಳಬಹುದು. ಅದಕ್ಕೆ ಸಾಮಾನ್ಯವಾಗಿ ಡಿಕ್ರಿಯಾದ ದಿನದಿಂದ 30 ದಿನ. ಸಮನ್ಸೇ ಸರಿಯಾಗಿ ಮುಟ್ಟಿಲ್ಲದಿದ್ದರೆ, ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನ. ಇನ್ನೊಂದು, ಪ್ರತಿವಾದಿಗೆ ವಿಷಯ ತಿಳಿಯುವ ಮೊದಲೇ ವಾದಿ ಓಡಿಬಂದು “ನಾಳೆಯೇ ಮನೆ ಕೆಡವುತ್ತಾರೆ” ಎಂದು ಹೇಳಿ ತುರ್ತು ಆದೇಶ ಪಡೆಯುವುದು. ಅದೂ ಎಕ್ಸ್ ಪಾರ್ಟೆ. ಮೊದಲನೆಯದರಲ್ಲಿ ಎದುರಿನವರು ಬರಲಿಲ್ಲ. ಎರಡನೆಯದರಲ್ಲಿ ಅವರನ್ನು ಇನ್ನೂ ಕರೆದೇ ಇಲ್ಲ. ಆ ತಾಯಿಯದು ಮೊದಲನೆಯ ಜಾತಿ, ಡಿಕ್ರಿ ಇನ್ನೂ ಆಗಿರಲಿಲ್ಲ. ಮುಂದಿನ ವಾಯಿದೆಗೆ ಅರ್ಜಿ ಹಾಕಿದೆವು.

ಎರಡನೆಯ ಜಾತಿಯ ಭಯಕ್ಕೆ ಮದ್ದು ಕೇವಿಯಟ್. ಲ್ಯಾಟಿನ್ನಿನಲ್ಲಿ ‘ಅವನು ಎಚ್ಚರದಿಂದಿರಲಿ’ ಎಂದು ಅರ್ಥ. ನಮ್ಮ ಸಿವಿಲ್ ಸಂಹಿತೆಗೆ 148ಎ ಸೆಕ್ಷನ್ ಬಂದದ್ದು 1976ರ ತಿದ್ದುಪಡಿಯಲ್ಲಿ. ಕೋರ್ಟಿಗೆ “ನನಗೆ ತಿಳಿಸದೆ ಆದೇಶ ಮಾಡಬೇಡಿ” ಎಂದು ಮೊದಲೇ ಹೇಳಿಡುವುದು, ಅಷ್ಟೆ. 90 ದಿನ ಅದರ ಆಯಸ್ಸು. ಆದರೆ “ಕೇವಿಯಟ್ ಹಾಕಿದೀನಿ, ಇನ್ನು ಅವನು ಕೇಸ್ ಹಾಕೋ ಹಾಗಿಲ್ಲ” ಎಂದು ಎದೆಯುಬ್ಬಿಸಿ ಹೇಳಿದ ಕಕ್ಷಿದಾರರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೇಸು ಹಾಕುವುದನ್ನು ಕೇವಿಯಟ್ ತಡೆಯುವುದಿಲ್ಲ.

ಇದಕ್ಕಿಂತ ದೊಡ್ಡ ಗೊಂದಲ ‘ಸ್ಟೇ’. ನಮ್ಮಲ್ಲಿ ಏನೇ ಬಂದರೂ “ಸ್ಟೇ ತಂದಿದೀನಿ” ಎನ್ನುತ್ತಾರೆ. ಕನ್ನಡದಲ್ಲಂತೂ ಸ್ಟೇಗೂ ಇಂಜಂಕ್ಷನ್ನಿಗೂ ಒಂದೇ ಮಾತು, ತಡೆಯಾಜ್ಞೆ. ನನ್ನ ನೋಟ್‌ಬುಕ್ಕಿನಲ್ಲಿ ‘ಯಾರಿಗೆ’ ಎಂಬ ಪ್ರಶ್ನೆ ಹೆಚ್ಚು ಕೆಲಸ ಮಾಡಿದ್ದು ಇಲ್ಲೇ. ಇಂಜಂಕ್ಷನ್ ಮನುಷ್ಯನಿಗೆ ಹೇಳುವ ಮಾತು: ನೀನು ಗೋಡೆ ಕಟ್ಟಬೇಡ. ಸ್ಟೇಯನ್ನು ಮೇಲಿನ ಕೋರ್ಟು ಹೇಳುವುದು ಸಾಮಾನ್ಯವಾಗಿ ಕೆಳಗಿನ ಕೋರ್ಟಿಗೆ, ಇಲ್ಲವೇ ಒಂದು ಆದೇಶಕ್ಕೆ: ಇದನ್ನು ಇಲ್ಲಿಗೆ ನಿಲ್ಲಿಸಿ. ಪಕ್ಕದ ಮನೆಯವರು ಕಾಂಪೌಂಡ್ ಕಟ್ಟುತ್ತಿದ್ದರೆ ನಿಮಗೆ ಬೇಕಾದದ್ದು ಇಂಜಂಕ್ಷನ್. ನಿಮ್ಮ ಮೇಲೆ ಡಿಕ್ರಿಯಾಗಿ, ನೀವು ಅಪೀಲು ಹಾಕಿದ್ದರೆ ಬೇಕಾದದ್ದು ಸ್ಟೇ.

ಲ್ಯಾಟಿನ್ನಿನಲ್ಲಿ ನನಗೆ ಅತಿ ಹೆಚ್ಚು ನಗು ತಂದ ಪದ ‘ಇನ್ ಕ್ಯಾಮೆರಾ’. ಒಂದು ಸೂಕ್ಷ್ಮ ಕೇಸಿನಲ್ಲಿ ವಿಚಾರಣೆ ಇನ್ ಕ್ಯಾಮೆರಾ ಎಂದು ಆದೇಶವಾಯಿತು. ಹೊರಗೆ ಬಂದ ಮೇಲೆ ನಮ್ಮ ಕಡೆಯವರೊಬ್ಬರು ಹತ್ತಿರ ಬಂದು ಮೆತ್ತಗೆ ಕೇಳಿದರು, “ಸಾರ್, ಎಲ್ಲಾ ವಿಡಿಯೋ ಮಾಡ್ತಾರಾ?” ನಿಜ ತಿರುಗಾಮುರುಗಾ. ಕ್ಯಾಮೆರಾ ಎಂದರೆ ಲ್ಯಾಟಿನ್ನಿನಲ್ಲಿ ಕೋಣೆ. ಬಾಗಿಲು ಮುಚ್ಚಿ, ಬೇರೆಯವರನ್ನು ಆಚೆ ಕಳಿಸಿ ನಡೆಸುವ ವಿಚಾರಣೆ. ಫೋಟೋ ತೆಗೆಯುವ ಪೆಟ್ಟಿಗೆಗೆ ಆ ಹೆಸರು ಬಂದದ್ದು ಕೂಡ ‘ಕತ್ತಲೆ ಕೋಣೆ’ ಎನ್ನುವ ಮಾತಿನಿಂದಲೇ.

ಇದೇ ಸಾಲಿನ ಇನ್ನೊಂದು ಹೇಬಿಯಸ್ ಕಾರ್ಪಸ್. ‘ದೇಹವನ್ನು ಹಾಜರುಪಡಿಸು’ ಎಂದು ಅನುವಾದ ಮಾಡಿದರೆ ನಮ್ಮ ಜನ ಬೆಚ್ಚುತ್ತಾರೆ. ಆಸ್ಪತ್ರೆ, ಪೊಲೀಸ್ ಸ್ಟೇಷನ್ ಕಡೆ ‘ಬಾಡಿ’ ಎಂದರೆ ಹೆಣ ಅಲ್ವಾ? ಅದಕ್ಕೇ ನಾನು “ಹಿಡಿದಿಟ್ಟಿರೋರನ್ನ ಕರೆತಂದು ನಿಲ್ಲಿಸಿ, ಯಾಕೆ ಇಟ್ಟಿದೀರಿ ಹೇಳಿ” ಎಂದೇ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಇದು ಸಂವಿಧಾನದ 32 ಮತ್ತು 226ನೇ ವಿಧಿಗಳ ಅಡಿ ಸಿಗುವ ರಿಟ್, ಅಂದರೆ ಸುಪ್ರೀಂ ಕೋರ್ಟು, ಹೈಕೋರ್ಟು ಕೊಡುವ ವಿಶೇಷ ಆದೇಶ. ಇದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಪುಟದಲ್ಲಿ ಒಂದೇ ಉದಾಹರಣೆ ಇದೆ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಎಡಿಎಂ ಜಬಲ್ಪುರ್ ಪ್ರಕರಣದಲ್ಲಿ ಬಂಧಿತರು ಈ ರಿಟ್ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿದರು. ಒಪ್ಪದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪು ಎಂದು ಅದೇ ಕೋರ್ಟು ಹೇಳಿದ್ದು 2017ರಲ್ಲಿ, ಖಾಸಗಿತನದ ಪ್ರಕರಣದಲ್ಲಿ. ಉಳಿದ ರಿಟ್‌ಗಳಿಗೆ ಒಂದೊಂದು ಸಾಲು ಸಾಕು. ಮ್ಯಾಂಡಮಸ್, ನಿನ್ನ ಕೆಲಸ ನೀನು ಮಾಡು. ಕೋ ವಾರಂಟೋ, ಯಾವ ಅಧಿಕಾರದ ಮೇಲೆ ಈ ಕುರ್ಚಿಯಲ್ಲಿ ಕೂತಿದ್ದೀಯ. ಪ್ರೊಹಿಬಿಷನ್, ನಿನಗಿಲ್ಲದ ಅಧಿಕಾರ ಚಲಾಯಿಸಬೇಡ, ಅಲ್ಲಿಗೇ ನಿಲ್ಲಿಸು. ಸರ್ಷಿಯೊರರಿ, ಮಾಡಿದ್ದನ್ನು ಕಳಿಸು, ತಪ್ಪಿದ್ದರೆ ರದ್ದು ಮಾಡುತ್ತೇವೆ.

ಒಂದು ಪದದ ತುಂಡು ಹಿಡಿದರೆ ನಾಲ್ಕು ಪದ ಬರುತ್ತವೆ ಎಂದು ಆಮೇಲೆ ಗೊತ್ತಾಯಿತು. ‘ರೆಸ್’ ಎಂದರೆ ವಿಷಯ, ಸಂಗತಿ. ರೆಸ್ ಜುಡಿಕೇಟಾ, ತೀರ್ಪಾದ ವಿಷಯ. ಅದೇ ಜನ ಅದೇ ವಿಷಯಕ್ಕೆ ಮತ್ತೆ ದಾವೆ ಹಾಕುವಂತಿಲ್ಲ, ಸಿವಿಲ್ ಸಂಹಿತೆಯ 11ನೇ ಸೆಕ್ಷನ್. ರೆಸ್ ಸಬ್ ಜುಡಿಸ್, ಇನ್ನೂ ತೀರ್ಪಿಗೆ ಕಾದಿರುವ ವಿಷಯ, 10ನೇ ಸೆಕ್ಷನ್. ರೆಸ್ ಇಪ್ಸಾ ಲೊಕ್ವಿಟರ್, ವಿಷಯ ತಾನೇ ಮಾತಾಡುತ್ತದೆ. ಇದರ ಹಿಂದಿನ ಕಥೆ ನನಗೆ ಇಷ್ಟ. ಇಂಗ್ಲೆಂಡಿನಲ್ಲಿ ಒಬ್ಬ ರಸ್ತೆಯಲ್ಲಿ ನಡೆದು ಹೋಗುತ್ತಿದ್ದ. ಒಂದು ಅಂಗಡಿಯ ಮೇಲಿನ ಕಿಟಕಿಯಿಂದ ಹಿಟ್ಟಿನ ಪೀಪಾಯಿ ಬಂದು ಅವನ ಮೇಲೆ ಬಿತ್ತು. ಯಾರು ಬೀಳಿಸಿದರು, ಹೇಗೆ ಬಿತ್ತು ಎಂಬುದಕ್ಕೆ ಸಾಕ್ಷಿ ಇಲ್ಲ. 1863ರ ಬರ್ನ್ ಮತ್ತು ಬೋಡಲ್ ಪ್ರಕರಣದಲ್ಲಿ ಕೋರ್ಟು ಹೇಳಿದ್ದರ ಸಾರ ಇಷ್ಟೇ: ಪೀಪಾಯಿ ಸುಮ್ನೆ ತಾನಾಗಿ ಉರುಳುವುದಿಲ್ಲ, ಅಜಾಗರೂಕತೆ ಇಲ್ಲ ಎಂದು ಅಂಗಡಿಯವನೇ ತೋರಿಸಲಿ.

ಅಲಿಬಿ ಎಂದರೆ ‘ಬೇರೆಡೆ’. ಅದನ್ನು ‘ನೆಪ’ ಎಂಬ ಅರ್ಥದಲ್ಲಿ ಬಳಸುವವರಿದ್ದಾರೆ, ಕೋರ್ಟಿನಲ್ಲಿ ಹಾಗಲ್ಲ. 1872ರ ಸಾಕ್ಷ್ಯ ಕಾಯ್ದೆ ಕೊಟ್ಟ ಉದಾಹರಣೆ ಎಂದೂ ಮರೆಯುವುದಿಲ್ಲ. ಕಲ್ಕತ್ತಾದಲ್ಲಿ ಅಪರಾಧ ನಡೆದ ದಿನ ಆರೋಪಿ ಲಾಹೋರಿನಲ್ಲಿದ್ದ.

ಇಷ್ಟೆಲ್ಲ ಆದರೂ ಒಂದು ಮಾತು ಹೇಳಿಬಿಡುತ್ತೇನೆ. ನನ್ನನ್ನು ಜಾಸ್ತಿ ಬೀಳಿಸಿದ್ದು ಲ್ಯಾಟಿನ್ ಅಲ್ಲವೇ ಅಲ್ಲ. ಲ್ಯಾಟಿನ್ ಕಂಡ ಕೂಡಲೇ ಗೊತ್ತಿಲ್ಲ ಎಂದು ಗೊತ್ತಾಗುತ್ತದೆ, ಪುಸ್ತಕ ತೆಗೆಯುತ್ತೇವೆ. ಬೀಳಿಸುವುದು ಗೊತ್ತಿರುವ ಹಾಗೆ ಕಾಣುವ ಇಂಗ್ಲಿಷ್. ಕನ್ಸಿಡರೇಷನ್ ಎಂದರೆ ‘ಪರಿಗಣನೆ’ ಎಂದು ಒಂದು ಕರಾರಿನ ಅನುವಾದದಲ್ಲಿ ಬರೆದೆ. ಕರಾರಿನಲ್ಲಿ ಅದು ಪ್ರತಿಫಲ. ನಾನು ಕೊಡುವುದಕ್ಕೆ ಬದಲಾಗಿ ನೀನು ಕೊಡುವುದು. ಅದಿಲ್ಲದ ಕರಾರು, ಕೆಲವು ಅಪವಾದ ಬಿಟ್ಟರೆ, ನಿಲ್ಲುವುದಿಲ್ಲ. ಸರ್ವಿಸ್ ಎಂದರೆ ಸೇವೆಯಲ್ಲ, ಸಮನ್ಸ್ ಮುಟ್ಟಿಸುವುದು. ಪ್ರೇಯರ್ ಎಂದರೆ ದೇವರ ಪ್ರಾರ್ಥನೆಯಲ್ಲ, ಕೋರ್ಟಿನಿಂದ ಏನು ಬೇಕು ಎಂಬ ಪಟ್ಟಿ. ಎಕ್ಸಿಕ್ಯೂಷನ್ ಪಿಟಿಷನ್ ಎಂಬ ಫೈಲು ಮೊದಲ ಸಲ ಕೈಗೆ ಬಂದಾಗ ಯಾರನ್ನೋ ಗಲ್ಲಿಗೇರಿಸುತ್ತಿದ್ದಾರೆ ಎಂದುಕೊಂಡಿದ್ದೆ! ಬಾಡಿಗೆ ಬಾಕಿ ವಸೂಲಿಯ ಡಿಕ್ರಿ ಅದು. ಅದನ್ನು ಜಾರಿ ಮಾಡಿಸಿ ಎಂದು ಕೇಳುವ ಅಮಲ್ಜಾರಿ ಅರ್ಜಿ.

ಡಿಸ್ಚಾರ್ಜ್ ಮತ್ತು ಅಕ್ವಿಟಲ್ ಇನ್ನೂ ಅಪಾಯದ ಜೋಡಿ. ಪತ್ರಿಕೆಯಲ್ಲಿ ಎರಡನ್ನೂ ‘ಖುಲಾಸೆ’ ಎಂದು ಬರೆಯುವುದನ್ನು ನೋಡುತ್ತೇನೆ. ಡಿಸ್ಚಾರ್ಜ್ ಆಗುವುದು ವಿಚಾರಣೆ ಶುರುವಾಗುವ ಮೊದಲು. ಆರೋಪ ಹೊರಿಸುವಷ್ಟು ಸರಕೇ ಇಲ್ಲ ಎಂದು ಬಿಟ್ಟುಬಿಡುವುದು. ಮುಂದೆ ಹೊಸ ಸಾಕ್ಷ್ಯ ಸಿಕ್ಕರೆ ಕೇಸು ಮತ್ತೆ ಏಳಬಹುದು. ಅಕ್ವಿಟಲ್ ಬರುವುದು ಪೂರ್ತಿ ವಿಚಾರಣೆ ಮುಗಿದ ಮೇಲೆ. ಅಪೀಲಿನಲ್ಲಿ ತಿರುಗಿಬೀಳದಿದ್ದರೆ, ಅದೇ ಅಪರಾಧಕ್ಕೆ ಮತ್ತೆ ವಿಚಾರಣೆ ಇಲ್ಲ. ಡಿಸ್ಚಾರ್ಜ್ ಆದವರಿಗೆ “ಎಲ್ಲಾ ಮುಗೀತು, ನೆಮ್ಮದಿಯಾಗಿರಿ” ಎಂದು ಒಮ್ಮೆ ಹೇಳಿ ಸೀನಿಯರ್ ಕೈಲಿ ಬೈಸಿಕೊಂಡಿದ್ದೇನೆ.

ಇಷ್ಟೊಂದು ಭಾಷೆ ಯಾಕೆ ಕಲಸಿಕೊಂಡಿದೆ ಎಂಬ ಕುತೂಹಲಕ್ಕೆ ಸ್ವಲ್ಪ ಇತಿಹಾಸ ಓದಿದೆ. ಇಂಗ್ಲೆಂಡಿನಲ್ಲಿ ವಾದ ಫ್ರೆಂಚಿನಲ್ಲಿ, ದಾಖಲೆ ಲ್ಯಾಟಿನ್ನಿನಲ್ಲಿ, ಜನರ ಮಾತು ಇಂಗ್ಲಿಷು. 1362ರಲ್ಲಿ ವಾದವನ್ನು ಇಂಗ್ಲಿಷಿನಲ್ಲಿ ಮಾಡಿ ಎಂದು ಕಾನೂನಾಯಿತು. ಲ್ಯಾಟಿನ್ ದಾಖಲೆ ಹೋಗಲು 1730ರ ದಶಕ ಬರಬೇಕಾಯಿತು. ‘ನಲ್ ಅಂಡ್ ವಾಯ್ಡ್’, ‘ವಿಲ್ ಅಂಡ್ ಟೆಸ್ಟಮೆಂಟ್’ ಎಂದು ಒಂದೇ ಅರ್ಥವನ್ನು ಎರಡು ಸಲ ಹೇಳುವ ಚಟಕ್ಕೆ ಈ ಭಾಷೆಗಳ ಬೆರಕೆಯೂ ಒಂದು ಕಾರಣ. 1999ರಲ್ಲಿ ಅವರ ಸಿವಿಲ್ ಕೋರ್ಟುಗಳು ‘ಪ್ಲೇಂಟಿಫ್’ (ವಾದಿ) ಎಂಬ ಪದವನ್ನೇ ಬಿಟ್ಟವು, ಎಕ್ಸ್ ಪಾರ್ಟೆ ಹೋಗಿ ‘ನೋಟಿಸ್ ಇಲ್ಲದೆ’ ಬಂತು. ನಾವು ಅವರಿಂದ ಪಡೆದದ್ದನ್ನು ಅವರಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಅದರ ಪಕ್ಕದಲ್ಲೇ ಪಾರ್ಸಿ, ಅರಬ್ಬಿಯಿಂದ ಬಂದ ವಕಾಲತ್ತು, ಜಪ್ತಿ, ಅಮೀನ ಕೂತಿವೆ. ಆ ಪದಗಳನ್ನು ನಮ್ಮ ಹಳ್ಳಿಯವರು ಯಾರನ್ನೂ ಕೇಳದೆ ಸಲೀಸಾಗಿ ಆಡುತ್ತಾರೆ.

ನನಗೆ ಲ್ಯಾಟಿನ್ ಮೇಲೆ ಸಿಟ್ಟಿಲ್ಲ. ರೆಸ್ ಜುಡಿಕೇಟಾ ಎಂದರೆ ಜಡ್ಜಿಗೂ ಎದುರಾಳಿ ವಕೀಲರಿಗೂ ಎರಡು ಪದದಲ್ಲಿ ಮುಗಿಯುತ್ತದೆ, ಕನ್ನಡದಲ್ಲಿ ಬಿಡಿಸಿ ಹೇಳಲು ಎರಡು ವಾಕ್ಯ ಬೇಕು. ಆದರೆ ಇಂಟರ್ ಏಲಿಯಾ (ಇತರ ಸಂಗತಿಗಳ ಜೊತೆಗೆ), ಇಪ್ಸೋ ಫ್ಯಾಕ್ಟೋ (ಅದರಿಂದಲೇ ತಾನಾಗಿ) ಬರೀ ಒಗ್ಗರಣೆ. ನನ್ನ ಮೊದಲ ಕರಡಿನಲ್ಲಿ ಇಂಟರ್ ಏಲಿಯಾ ಆರು ಸಲ ಇತ್ತು. ಸೀನಿಯರ್ ಆರನ್ನೂ ಹೊಡೆದು ಹಾಕಿದರು. ವಾಕ್ಯ ಒಂದೂ ಕುಂಟಲಿಲ್ಲ.

ಇನ್ನೂ ಸರಿಹೋಗದ ಪುಟ ಒಂದಿದೆ. ‘ವಿತೌಟ್ ಪ್ರೆಜುಡಿಸ್’. ನಮ್ಮ ನೋಟಿಸುಗಳಲ್ಲಿ ‘ಹಕ್ಕುಗಳಿಗೆ ಬಾಧಕವಿಲ್ಲದಂತೆ’ ಎಂದು ಬರೆಯುತ್ತೇವೆ. ಅದನ್ನು ಓದಿದ ಕಕ್ಷಿದಾರರೊಬ್ಬರು “ನಮಗೇನೋ ಬಾಧೆ ಅಂತ ಬರೆದಿದಾರೆ” ಎಂದು ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. “ರಾಜಿ ಮಾತುಕತೆ ಮುರಿದುಬಿದ್ದರೆ, ಈ ಕಾಗದ ತೋರಿಸಿ ಒಪ್ಪಿಕೊಂಡಿದ್ದೆ ಅಂತ ನನ್ನನ್ನ ಹಿಡೀಬೇಡಿ ಅಂತ ಅರ್ಥ” ಎಂದೆ. “ಹಂಗೇ ಬರೀಬಹುದಿತ್ತಲ್ಲ ಸಾರ್” ಎಂದರು. ಫೋನ್ ಇಟ್ಟ ಮೇಲೆ ಆ ಪುಟದಲ್ಲಿ ಹಾಗೇ ಬರೆದೆ. ನೋಟಿಸಿನಲ್ಲಿ ಬರೆಯಲು ಇನ್ನೂ ಧೈರ್ಯ ಬಂದಿಲ್ಲ.