ನಿಧಾನ ತುಳಿಯುವವರೇ ಮುಂದೆ: ತುಮಕೂರಿನ ನಮ್ಮ ಭಾನುವಾರದ ಸೈಕಲ್ ಗುಂಪು

ನಮ್ಮ ಗುಂಪಿಗೆ ಹೆಸರಿಲ್ಲ, ಟೀ ಶರ್ಟ್ ಇಲ್ಲ, ಅಧ್ಯಕ್ಷರೂ ಇಲ್ಲ. ಒಬ್ಬರು ಬ್ಯಾಂಕಿನವರು, ಒಬ್ಬರು ಹೈಸ್ಕೂಲ್ ಮೇಡಂ, ಒಬ್ಬ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಇನ್ನೊಬ್ಬ ಇಂಜಿನಿಯರಿಂಗ್ ಓದುವ ಹುಡುಗ. ವಾರವೆಲ್ಲ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಭಾನುವಾರ ಬೆಳಗ್ಗೆ ಐದೂಮುಕ್ಕಾಲಿಗೆ ಮಾತ್ರ ಸೇರುತ್ತೇವೆ. ಇರುವುದು ಒಂದೇ ನಿಯಮ. ನಿಧಾನ ತುಳಿಯುವವರು ಮುಂದೆ ಇರಬೇಕು.

ಹೊಸಬರಿಗೆ ಇದು ತಮಾಷೆ ಅನ್ನಿಸುತ್ತದೆ. ಆದರೆ ಜೋರಾಗಿ ತುಳಿಯುವವರನ್ನು ಮುಂದೆ ಬಿಟ್ಟರೆ ಏನಾಗುತ್ತೆ ನೋಡಿ. ಅವರು ಎಲ್ಲೋ ಹುಣಸೆಮರದ ಕೆಳಗೆ ನಿಂತು ನೀರು ಕುಡಿದು, ಫೋಟೋ ತೆಗೆದು, ಹರಟೆ ಹೊಡೆಯುತ್ತಾ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟುವಷ್ಟರಲ್ಲಿ, 'ಬಂದ್ರಾ, ಹೊರಡೋಣ' ಅಂತ ಸೈಕಲ್ ಹತ್ತುತ್ತಾರೆ. ಸುಸ್ತಾಗದವರಿಗೆ ಬೇಕಾದಷ್ಟು ವಿಶ್ರಾಂತಿ, ಸುಸ್ತಾದವರಿಗೆ ಒಂದು ನಿಮಿಷವೂ ಇಲ್ಲ. ಮುಂದಿನ ವಾರ ಆ ಮನುಷ್ಯನಿಗೆ ಮಗಳ ಪರೀಕ್ಷೆ, ಅದರ ಮುಂದಿನ ವಾರ ನೆಗಡಿ. ಹೀಗೇ ಗುಂಪುಗಳು ಕರಗುವುದು.

ವೇಗಕ್ಕೆ ನಮ್ಮ ಅಳತೆ ಮಾತು. ಮಾತಾಡುತ್ತಾ ತುಳಿಯಲು ಆಗಬೇಕು. ಮೊಬೈಲಿನಲ್ಲಿ ನೋಡಿದರೆ ಅದು ಗಂಟೆಗೆ 16, 18 ಕಿಲೋಮೀಟರ್ ಇರುತ್ತದೆ. ಇಬ್ಬಿಬ್ಬರು ಜೊತೆಯಾಗಿ ಹೋಗುತ್ತೇವೆ. ಹಿಂದೆ ವಾಹನದ ಸದ್ದು ಕೇಳಿದರೆ ಕೊನೆಯವರು 'ಗಾಡಿ!' ಅಂತ ಕೂಗುತ್ತಾರೆ, ಎಲ್ಲರೂ ಒಂದೇ ಸಾಲಿಗೆ ಬರುತ್ತೇವೆ. 'ಗುಂಡಿ!', 'ಹಂಪ್!' ಅಂತ ಕೂಗುವುದು ಮುಂದಿನವರ ಕೆಲಸ. ಅವರು ಹೇಳಿದ್ದನ್ನು ಹಿಂದಿನವರು ಮತ್ತೆ ಕೂಗಬೇಕು. ಹಳ್ಳಿಯ ಹಂಪ್‌ಗಳಿಗೆ ಎಷ್ಟೋ ಕಡೆ ಬಿಳಿ ಬಣ್ಣವೇ ಇರುವುದಿಲ್ಲ, ಹಾಗಾಗಿ ಇದು ಸುಮ್ನೆ ಮಾಡಿಕೊಂಡ ಶಿಸ್ತಲ್ಲ.

ಹೊಸಬರು ಬಂದ ದಿನ ಕೈದಾಳಕ್ಕೆ ಹೋಗುತ್ತೇವೆ. ಕುಣಿಗಲ್ ರಸ್ತೆಯಲ್ಲಿ ಗೂಳೂರು ದಾಟಿದರೆ ಆಯಿತು, ಏರು ಕಡಿಮೆ. ಜಕಣಾಚಾರಿಯ ಕತೆ ಹೇಳುವ ಊರು ಅದು. 1150ರ ಸುಮಾರಿನ ಚೆನ್ನಕೇಶವ ದೇವಸ್ಥಾನದ ಜಗಲಿಯ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದು ವಾಪಸ್. ದೀಪಾವಳಿ ಕಳೆದ ಮೇಲೆ ಹೋದರೆ ಗೂಳೂರಿನ ದೊಡ್ಡ ಮಣ್ಣಿನ ಗಣಪನ ದರ್ಶನವೂ ಆಗುತ್ತದೆ.

ನನಗೆ ಇಷ್ಟದ ದಾರಿ ಮಾತ್ರ ನಾಮದ ಚಿಲುಮೆಯ ಕಾಡು ಹಾದು ದೇವರಾಯನದುರ್ಗಕ್ಕೆ ಹೋಗುವುದು. ಶಿಂಷಾ, ಜಯಮಂಗಲಿ ಎರಡೂ ಹುಟ್ಟುವ ಬೆಟ್ಟಸಾಲು ಅದು. ಕಾಡಿನೊಳಗೆ ಹೊಕ್ಕ ಕೂಡಲೇ ತೋಳಿಗೆ ತಣ್ಣಗೆ ಗಾಳಿ ತಾಗುತ್ತದೆ, ಮಾತು ತಾನಾಗಿ ಕಡಿಮೆಯಾಗುತ್ತದೆ. ಬೆಟ್ಟದ ಏರಿನಲ್ಲಿ ಮಾತ್ರ ನಮ್ಮ ನಿಯಮಕ್ಕೆ ರಜೆ. ಏರಿನಲ್ಲಿ ಇನ್ನೊಬ್ಬರ ವೇಗಕ್ಕೆ ತುಳಿಯುವುದು ಹಿಂಸೆ. ಅವರವರ ಗೇರಿನಲ್ಲಿ ಅವರವರು ಹತ್ತಿ, ಭೋಗನರಸಿಂಹ ದೇವಸ್ಥಾನದ ಹತ್ತಿರ ಸೇರುತ್ತೇವೆ. ಕೊನೆಯವರು ಬಂದು ಅವರಿಗೆ ಉಸಿರು ಸರಿಯಾಗುವವರೆಗೆ ಯಾರೂ ಹೊರಡುವಂತಿಲ್ಲ. ಬಾಳೆಹಣ್ಣು ಹೊರಗೆ ತೆಗೆಯುವ ಮುಂಚೆ ಕೋತಿ ಎಲ್ಲಿದೆ ನೋಡಿಕೊಳ್ಳಿ. ಇಳಿಯುವಾಗ ಒಬ್ಬರಿಗೂ ಇನ್ನೊಬ್ಬರಿಗೂ ಒಳ್ಳೆ ಅಂತರ ಬೇಕು. ಬ್ರೇಕನ್ನು ಒಂದೇ ಸಮ ಹಿಡಿಯದೆ, ಹಿಡಿದು ಬಿಟ್ಟು ಹಿಡಿದು ಇಳಿಯಬೇಕು. ತಿರುವಿನ ಆಚೆ ಬಸ್ಸೂ ಇರಬಹುದು, ಕೋತಿಯೂ ಇರಬಹುದು.

ಆಷಾಢದಲ್ಲಿ ಇದೇ ದಾರಿ ಮೋಸ ಮಾಡುತ್ತದೆ. ಗಾಳಿ ಪಶ್ಚಿಮದಿಂದ ಬೀಸುತ್ತದೆ, ದುರ್ಗ ಇರುವುದು ಊರಿನ ಪೂರ್ವಕ್ಕೆ. ಹೋಗುವಾಗ ಎಲ್ಲರೂ ಶೂರರು, ಬರುವಾಗ ಎದುರುಗಾಳಿ. ಆಗ ಒಬ್ಬರ ಹಿಂದೆ ಒಬ್ಬರು ಹತ್ತಿರದಲ್ಲೇ ಸಾಲಾಗಿ ಬರುತ್ತೇವೆ. ಗಾಳಿಗೆ ಎದೆ ಕೊಡುವುದು ಮುಂದಿನವರು, ಹಿಂದಿನವರಿಗೆ ಎಷ್ಟೋ ಶ್ರಮ ಉಳಿಯುತ್ತದೆ. ಆ ದಿನ ಮಾತ್ರ ಗಟ್ಟಿ ಕಾಲಿನ ಹುಡುಗ ಮುಂದೆ. ಅವನ ವೇಗವನ್ನು ಹೇಳುವವರು ಮಾತ್ರ ಕೊನೆಯಲ್ಲಿರುವ ಮೇಡಂ.

ಡಿಸೆಂಬರ್, ಜನವರಿಯಲ್ಲಿ ಇನ್ನೊಂದು ಆಟ. ಬಸ್ಸು, ಟ್ರ್ಯಾಕ್ಟರ್ ಓಡಾಡಿ ಕಾಳು ಉದುರಲಿ ಅಂತ ರೈತರು ಹುರುಳಿ ಗಿಡವನ್ನು ರಸ್ತೆಗೇ ಹಾಸಿರುತ್ತಾರೆ. ಅದರ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸುವುದಕ್ಕೆ ಅರ್ಧ ಗಂಟೆ ಬೇಕು. ಇಬ್ಬನಿ ಬಿದ್ದಿದ್ದರೆ ಜಾರುತ್ತದೆ ಕೂಡ. ಇಳಿದು ತಳ್ಳಿಕೊಂಡು ಹೋಗುವುದೇ ಸರಿ. ಒಮ್ಮೆ ನಮ್ಮ ಹುಡುಗ ಅದರ ಮೇಲೇ ಓಡಿಸಲು ಹೊರಟಾಗ ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು, 'ಇಳ್ಕೊಂಡ್ ಹೋಗಪ್ಪಾ, ನಿನ್ನ ತೂಕಕ್ಕೆ ಒಂದ್ ಕಾಳೂ ಉದುರಲ್ಲ' ಅಂದರು. 'ಎಲ್ಲಿಂದ ಬಂದ್ರಿ?' ಅಂತ ಕೇಳಿದರು. ತುಮಕೂರಿಂದ ಅಂದೆವು. 'ಯಾಕೆ, ಬಸ್ ಇರ್ಲಿಲ್ವಾ?'

ಪಂಕ್ಚರ್ ಮಾಡುವುದು ಹೆಚ್ಚಾಗಿ ನೆಗ್ಗಿಲು ಮುಳ್ಳು, ಇಲ್ಲವೇ ಜಾಲಿ ಮುಳ್ಳು. ಕಾಲುದಾರಿಯ ಅಂಚಿಗೆ ಸೈಕಲ್ ಒರಗಿಸುವ ಮುಂಚೆ ನೆಲ ನೋಡಿ. ಪಂಕ್ಚರ್ ಆದರೆ ಟ್ಯೂಬ್ ಬದಲಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಮುಳ್ಳಿನ ತುದಿ ಟೈರಿನಲ್ಲೇ ಮುರಿದು ಕೂತಿರುತ್ತದೆ, ಹೊಸ ಟ್ಯೂಬಿಗೂ ಚುಚ್ಚುತ್ತದೆ. ತೆಳು ಕರ್ಚೀಫನ್ನು ಟೈರಿನ ಒಳಗೆ ಸುತ್ತ ಸವರಿ. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ ಮುಳ್ಳು. ಸ್ಪೇರ್ ಟ್ಯೂಬ್, ಟೈರ್ ಬಿಚ್ಚುವ ಲಿವರ್, ಕೈ ಪಂಪ್ ಗುಂಪಿಗೆ ಒಂದೊಂದಾದರೂ ಇರಬೇಕು. ಎಲ್ಲರ ಚಕ್ರ ಒಂದೇ ಅಳತೆಯಲ್ಲ ಅನ್ನುವುದು ನೆನಪಿರಲಿ, ಟ್ಯೂಬ್ ಅವರವರದೇ ಇದ್ದರೆ ಒಳ್ಳೆಯದು.

ಮುಗಿಸುವುದು ಕ್ಯಾತ್ಸಂದ್ರದಲ್ಲಿ. ಮನೆಗೆ ಸುತ್ತಾದರೂ ಚಿಂತೆಯಿಲ್ಲ, ತಟ್ಟೆ ಇಡ್ಲಿ, ಮೇಲೆ ಬೆಣ್ಣೆ. ಸುಟ್ಟ ಕ್ಯಾಲೋರಿಗಿಂತ ತಿಂದದ್ದೇ ಜಾಸ್ತಿ ಅಂತ ಮನೆಯಲ್ಲಿ ಹೇಳುತ್ತಾರೆ. ಇರಬಹುದು.

ಯಾವ ಸೈಕಲ್ ತಗೊಳ್ಳಲಿ ಅಂತ ತುಂಬಾ ಜನ ಕೇಳುತ್ತಾರೆ. ಈ ರಸ್ತೆಗಳಿಗೆ ತೀರಾ ತೆಳು ಟೈರಿನ ರೇಸ್ ಸೈಕಲ್ ಬೇಡ. ಸ್ವಲ್ಪ ಅಗಲ ಟೈರಿನ ಹೈಬ್ರಿಡ್ ಸಾಕು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಬ್ರೇಕ್ ಚೆನ್ನಾಗಿರಬೇಕು, ಸೀಟಿನ ಎತ್ತರ ಸರಿಯಿರಬೇಕು. ಪೆಡಲ್ ಕೆಳಗಿರುವಾಗ ಮೊಣಕಾಲು ಸ್ವಲ್ಪವೇ ಮಡಚಿದ್ದರೆ ಸರಿಯಾಗಿದೆ ಅಂತ ಅರ್ಥ. ಹೆಲ್ಮೆಟ್, ಮುಂದೊಂದು ಹಿಂದೊಂದು ಲೈಟ್ ಇಲ್ಲದೆ ಬಂದರೆ ನಾವು ಸೇರಿಸಿಕೊಳ್ಳುವುದಿಲ್ಲ. ಅವೆರಡು ತಗೊಂಡು ಬನ್ನಿ, ಮೊದಲ ದಿನ ನಿಮ್ಮನ್ನೇ ಮುಂದೆ ಬಿಡುತ್ತೇವೆ.