ಮುಂದಿನ ಹಲ್ಲಿಗೆ ರೂಟ್ ಕೆನಾಲ್ ಆಯ್ತು, ಇನ್ನು ಕ್ಯಾಪ್ ಬೇಕಾ?

ಎಲ್ಲರಿಗೂ ಬೇಡ. ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇಕು, ಅಗಿಯುವ ಭಾರವೆಲ್ಲ ಅದರ ಮೇಲೇ ಅಲ್ವಾ. ಮುಂದಿನ ಹಲ್ಲಿನ ಕಥೆ ಬೇರೆ. ರೂಟ್ ಕೆನಾಲ್‌ಗೆ ಹಿಂಬದಿಯಲ್ಲಿ ಕೊರೆದ ಸಣ್ಣ ತೂತು ಬಿಟ್ಟು ಉಳಿದದ್ದು ಗಟ್ಟಿಯಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿಸಿದರೆ ಸಾಕು. ಸುಮ್ನೆ ಕ್ಯಾಪಿಗಾಗಿ ಒಳ್ಳೆ ಹಲ್ಲು ತೇಯಿಸಬೇಡಿ.

ನನ್ನದು ಹಾಗಿರಲಿಲ್ಲ. ಕಾರವಾರದ ಮಳೆಯಲ್ಲಿ ಬೈಕಿನಿಂದ ಬಿದ್ದು ಅರ್ಧ ಹಲ್ಲೇ ಹೋಗಿತ್ತು. ಬೇರಿನೊಳಗೆ ಫೈಬರ್ ಪೋಸ್ಟ್ ಅನ್ನೋ ಸಣ್ಣ ಕಡ್ಡಿ ಕೂರಿಸಿ ಮೇಲೆ ಕ್ಯಾಪ್ ಹಾಕಿದರು. ಪೋಸ್ಟ್ ಹಾಕಿದರೆ ಹಲ್ಲು ಗಟ್ಟಿಯಾಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ, ಆದರೆ ಅದು ಮೇಲೆ ಕಟ್ಟಿದ್ದನ್ನು ಹಿಡಿದುಕೊಳ್ಳುತ್ತದೆ ಅಷ್ಟೇ, ನಿಜವಾದ ಬಲ ಒಸಡಿನ ಮೇಲೆ ಉಳಿದಿರುವ ನಿಮ್ಮದೇ ಹಲ್ಲಿನದು. ಸುತ್ತಲೂ ಸುಮಾರು 2 ಮಿ.ಮೀ. ಎತ್ತರದಷ್ಟು ಹಲ್ಲು ಉಳಿದಿದೆಯಾ ಅಂತ ಡಾಕ್ಟರನ್ನು ಮೊದಲೇ ಕೇಳಿ.

ತಾತ್ಕಾಲಿಕ ಸಿಮೆಂಟಲ್ಲೇ ತಿಂಗಳುಗಟ್ಟಲೆ ತಿರುಗಬೇಡಿ. ನನ್ನ ಶಿರಸಿ ಗೆಳೆಯನ ಹಾಗೆ ಅಡಿಕೆ ಕೊಯ್ಲು ಮುಗಿಯಲಿ ಅಂತ ಮುಂದೂಡಿದರೆ, ಅಂಚಿನಿಂದ ಎಂಜಲು ಒಳಗಿಳಿದು ಮತ್ತೆ ಸೋಂಕಾಗಬಹುದು. ಹಲ್ಲು ಕಪ್ಪಾಗಿದೆಯಾ? ಒಳಗಿನಿಂದಲೇ ಬ್ಲೀಚ್ ಮಾಡಿಸಬಹುದು. ರಾತ್ರಿ ಹಲ್ಲು ಕಡಿಯುವವರು ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ನೈಟ್ ಗಾರ್ಡ್ ಮಾಡಿಸಿಕೊಳ್ಳಿ.

ಏಡಿ ಸುಕ್ಕ ಧಾರಾಳವಾಗಿ ತಿನ್ನಿ. ಕಾಲನ್ನು ಮಾತ್ರ ಮುಂದಿನ ಹಲ್ಲಲ್ಲಿ ಕಡಿಯಬೇಡಿ, ಗುಂಡುಕಲ್ಲಲ್ಲಿ ಒಂದೇಟು ಕೊಟ್ಟರಾಯ್ತು.